ಹಳೆಯ ಬೈಕ್‌ನ ಎಂಜಿನ್‌ನಿಂದ ಆಯಿಲ್ ಸೋರುತ್ತಿದೆಯೇ? ಮೊದಲು ಮೂಲ ಹುಡುಕಿ, ಆಮೇಲೆ ಪಾನಾ ಹಿಡಿಯಿರಿ

ಹತ್ತು ಹದಿನೈದು ವರ್ಷ ಓಡಿದ ಬೈಕ್ ರಾತ್ರಿ ನಿಂತ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಶಹಾಬಾದ್ ಫರಸಿಯ ಮೇಲೆ ಕಪ್ಪು ಕಲೆ ಮೂಡುವುದು ಕಲಬುರಗಿಯ ಅನೇಕ ಮನೆಗಳ ಮುಂದೆ ಕಾಣುವ ಸಂಗತಿ. ಇದನ್ನು ಕಂಡ ಕೂಡಲೇ ಹೆಚ್ಚಿನವರು ಮಿಸ್ತ್ರಿಯ ಬಳಿ ಹೋಗಿ, ಪ್ಯಾಕಿಂಗ್ (ಎಂಜಿನ್ನಿನ ಎರಡು ಭಾಗಗಳ ನಡುವೆ ಕೂರುವ ತೆಳು ಹಾಳೆ, ಗ್ಯಾಸ್ಕೆಟ್) ಬದಲಿಸಿಕೊಡಿ ಎನ್ನುತ್ತಾರೆ. ಪ್ಯಾಕಿಂಗ್ ಬದಲಾಗುತ್ತದೆ, ಹಣವೂ ಖರ್ಚಾಗುತ್ತದೆ, ಕೆಲವು ವಾರಗಳಲ್ಲಿ ಕಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಅದು ಹೊರಬರುವ ಜಾಗ ಬೇರೆ ಎಂಬುದನ್ನು ಗಮನಿಸದೆ ಎಂಜಿನ್ ಬಿಚ್ಚುವುದರಿಂದಲೇ ಹೀಗಾಗುತ್ತದೆ. ಎಂಜಿನ್ನಿನ ಮೇಲ್ತುದಿಯ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಜಿನುಗಿದ ಆಯಿಲ್ ಸಿಲಿಂಡರ್‌ನ ರೆಕ್ಕೆಗಳ ಮೇಲೆ ಹರಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಆಯಿಲ್ ಇಳಿಸಲು ಅಡಿಯಲ್ಲಿರುವ ಡ್ರೇನ್ ಬೋಲ್ಟಿನ ತುದಿಯಿಂದ ಬೀಳುತ್ತದೆ. ನೋಡಿದವರು ಡ್ರೇನ್ ಬೋಲ್ಟನ್ನು ಬಿಗಿಯುತ್ತಾರೆ.

ನಮ್ಮ ಭಾಗದಲ್ಲಿ ಈ ತೊಂದರೆ ಹೆಚ್ಚಲು ಕಾರಣಗಳಿವೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ ಇನ್ನಷ್ಟು ಕಾಯುತ್ತದೆ, ಕಾದ ಆಯಿಲ್ ತೆಳುವಾಗುತ್ತದೆ, ರಬ್ಬರಿನ ಸೀಲ್‌ಗಳು ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಜೊತೆಗೆ ಎರೆಮಣ್ಣಿನ ದೂಳು ಮತ್ತು ಸೇಡಂ, ವಾಡಿ ಕಡೆಯ ರಸ್ತೆಗಳಲ್ಲಿ ಸಿಮೆಂಟಿನ ದೂಳು ತೇವವಿರುವ ಭಾಗಕ್ಕೆಲ್ಲ ಮೆತ್ತಿಕೊಂಡು, ಸೋರಿಕೆ ಎಲ್ಲಿಂದ ಎಂಬುದನ್ನು ಮರೆಮಾಡುತ್ತದೆ.

ತೊಳೆಯುವುದು, ಒಣಗಿಸುವುದು, ಪೌಡರ್ ಹಾಕುವುದು

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆಯ ಬ್ರಷ್ಷಿನಿಂದ ಡೀಸೆಲ್ ಹಚ್ಚಿ ಮೆತ್ತಿದ ಜಿಡ್ಡನ್ನೆಲ್ಲ ಉಜ್ಜಿ ತೆಗೆಯಬೇಕು. ಸೀಮೆಎಣ್ಣೆಯೂ ಆಗುತ್ತದೆ, ಆದರೆ ಈಗ ಅದು ಸಿಗುವುದೇ ಕಷ್ಟ, ಪೆಟ್ರೋಲನ್ನಂತೂ ಬಳಸಲೇಬಾರದು. ಸಿಲಿಂಡರ್‌ನ ರೆಕ್ಕೆಗಳ ಸಂದು, ಚೈನನ್ನು ತಿರುಗಿಸುವ ಹಲ್ಲುಚಕ್ರವಾದ ಮುಂದಿನ ಸ್ಪ್ರಾಕೆಟ್ಟಿನ ಸುತ್ತ, ಎಂಜಿನ್ನಿನ ಅಡಿಭಾಗ ಇವು ಮೂರನ್ನು ಬಿಡಬಾರದು. ಬಳಿಕ ಸೋಪಿನ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಒಣಗಿಸಬೇಕು. ಪ್ಲಗ್ಗಿನ ಮೇಲೂ ಏರ್ ಫಿಲ್ಟರಿನ ಬಾಯಿಗೂ ನೀರನ್ನು ರಭಸದಿಂದ ಬಿಡಬಾರದು.

ಒಣಗಿದ ಎಂಜಿನ್ನಿನ ಮೇಲೆ ಸಾಮಾನ್ಯ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ನಾಲ್ಕೈದು ಕಿಲೊಮೀಟರ್ ಓಡಿಸಿ ಬನ್ನಿ. ನಿಂತಲ್ಲೇ ಬಹಳ ಹೊತ್ತು ಎಂಜಿನ್ ಓಡಿಸುವುದು ಸರಿಯಲ್ಲ, ಏಕೆಂದರೆ ಗಾಡಿ ಚಲಿಸದಿದ್ದರೆ ಅದಕ್ಕೆ ತಣಿಯಲು ಗಾಳಿ ಸಿಗುವುದಿಲ್ಲ. ಬಂದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಬಿಳಿಯ ಪೌಡರಿನ ಮೇಲೆ ಒದ್ದೆಯ ಗೆರೆ ಕಾಣುತ್ತದೆ. ಆ ಗೆರೆಯನ್ನು ಹಿಂಬಾಲಿಸಿ ಅತ್ಯಂತ ಮೇಲಿನ ಮತ್ತು ಅತ್ಯಂತ ಮುಂದಿನ ತುದಿಯನ್ನು ಹುಡುಕಬೇಕು. ಮೂಲ ಇರುವುದು ಅಲ್ಲೇ, ಕೆಳಗೆ ಕಾಣುವುದೆಲ್ಲ ಹರಿದು ಬಂದದ್ದು. ಮೊದಲ ಸಲ ಏನೂ ಕಾಣದಿದ್ದರೆ ಬೈಕನ್ನು ರಾತ್ರಿ ರಟ್ಟಿನ ಮೇಲೆ ನಿಲ್ಲಿಸಿ, ಹನಿ ಬಿದ್ದ ಜಾಗದ ನೇರಕ್ಕೆ ಮೇಲೆ ಹುಡುಕುತ್ತ ಹೋಗಬಹುದು.

ಒದ್ದೆಯಾದದ್ದೆಲ್ಲ ಎಂಜಿನ್ ಆಯಿಲ್ ಎಂದುಕೊಳ್ಳಬೇಕಿಲ್ಲ. ಚೈನಿಗೆ ಹಾಕಿದ ಎಣ್ಣೆ ಸ್ಪ್ರಾಕೆಟ್ಟಿನ ಬಳಿ ಸಿಡಿದು ಮೋಸ ಮಾಡುತ್ತದೆ. ಕಾರ್ಬುರೇಟರಿನಿಂದ ಇಳಿದ ಪೆಟ್ರೋಲಾದರೆ ವಾಸನೆಯಿಂದಲೇ ತಿಳಿಯುತ್ತದೆ.

ಬಿಚ್ಚುವ ಮೊದಲು ಎರಡು ಪರೀಕ್ಷೆ

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಕಡೆಗಣಿಸಲ್ಪಟ್ಟ ಭಾಗ ಇದೇ. ಮೊದಲನೆಯದು ಆಯಿಲ್‌ನ ಮಟ್ಟ. ಬೈಕನ್ನು ಡಬಲ್ ಸ್ಟ್ಯಾಂಡಿನ ಮೇಲೆ ನೇರವಾಗಿ ನಿಲ್ಲಿಸಿ, ಎರಡು ಮೂರು ನಿಮಿಷ ಓಡಿಸಿ, ಬಂದ್ ಮಾಡಿ, ಅಷ್ಟೇ ಹೊತ್ತು ಕಾದು ನೋಡಬೇಕು. ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನು ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಸಿ ನೋಡುವುದು ಕ್ರಮ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. 100 ಸಿಸಿ ಗಾಡಿಗಳಿಗೆಂದು 900 ಮಿಲಿ ಲೀಟರಿನ ಡಬ್ಬಗಳೇ ಸಿಗುತ್ತಿರುವಾಗ ಒಂದು ಲೀಟರನ್ನು ಪೂರ್ತಿ ಸುರಿಯುವ ಅಭ್ಯಾಸ ಹಲವರಿಗಿದೆ. ಹೆಚ್ಚಾದ ಆಯಿಲ್ ಒಳಗೆ ಒತ್ತಡವನ್ನೇರಿಸಿ, ಚೆನ್ನಾಗಿರುವ ಸೀಲಿನಿಂದಲೂ ದಾರಿ ಮಾಡಿಕೊಳ್ಳುತ್ತದೆ.

ಎರಡನೆಯದು ಬ್ರೀದರ್ ಪೈಪು. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಂಜಿನ್ನಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಹೊರಹೋಗಲು ಇರುವ ಈ ಸಣ್ಣ ರಬ್ಬರ್ ಕೊಳವೆ ಮಣ್ಣಿನಿಂದ ಮುಚ್ಚಿದರೆ ಅಥವಾ ಎಲ್ಲಿಯಾದರೂ ಮಡಚಿಕೊಂಡರೆ, ಆ ಗಾಳಿ ಆಯಿಲನ್ನು ದುರ್ಬಲವಾದ ಸೀಲಿನಿಂದ ಹೊರಗೆ ತಳ್ಳುತ್ತದೆ. ಪೈಪನ್ನು ಕಳಚಿ, ಊದಿ, ಒಳಗೆ ಸ್ವಚ್ಛ ಮಾಡಿ ಹಾಕಿದರೆ ಕೆಲವೊಮ್ಮೆ ಸೋರಿಕೆಯೇ ನಿಂತುಹೋಗುತ್ತದೆ. ಅದರ ಬಾಯಿಂದ ಎಡೆಬಿಡದೆ ದಟ್ಟ ಹೊಗೆ ಬರುತ್ತಿದ್ದರೆ ಮತ್ತು ಸೈಲೆನ್ಸರಿನಿಂದಲೂ ನೀಲಿ ಹೊಗೆ ಕಾಣುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಆಗ ಎಷ್ಟು ಸೀಲ್ ಬದಲಿಸಿದರೂ ಪ್ರಯೋಜನವಿಲ್ಲ.

ದುರಸ್ತಿ

ಸುಲಭದ್ದು ಡ್ರೇನ್ ಬೋಲ್ಟ್. ಅದರ ವಾಷರನ್ನು ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಹೊಸದು ಹಾಕಬೇಕು. ಬೋಲ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಮಾತ್ರ ಪಾನಾದಿಂದ ಮಿತವಾಗಿ ಬಿಗಿಯಬೇಕು. ಎಂಜಿನ್ನಿನ ಮೈ ಅಲ್ಯೂಮಿನಿಯಂನದ್ದಾದ್ದರಿಂದ ಉದ್ದ ಪಾನಾಕ್ಕೆ ಕಾಲಿಟ್ಟು ಬಿಗಿದರೆ ಥ್ರೆಡ್ ಕಿತ್ತುಹೋಗುತ್ತದೆ. ಟ್ಯಾಪೆಟ್ ಕವರಿನ ಸೋರಿಕೆಯೂ ಹಾಗೆಯೇ, ಅದರ ರಬ್ಬರ್ ಬಳೆ, ಅಂದರೆ ಓ-ರಿಂಗ್ ಬದಲಿಸಿದರೆ ಮುಗಿಯಿತು.

ಗೇರ್ ಲಿವರ್, ಕಿಕ್ ಮತ್ತು ಮುಂದಿನ ಸ್ಪ್ರಾಕೆಟ್ಟಿನ ಶಾಫ್ಟ್‌ಗಳ ಆಯಿಲ್ ಸೀಲ್‌ಗಳಿಗೆ ತಾಳ್ಮೆ ಬೇಕು. ಇವುಗಳಲ್ಲಿ ಸ್ಪ್ರಾಕೆಟ್ಟಿನದ್ದನ್ನು ತಡಮಾಡದೆ ಸರಿಪಡಿಸಬೇಕು, ಏಕೆಂದರೆ ಅಲ್ಲಿಂದ ಹೊರಬಂದ ಆಯಿಲ್ ಚೈನಿನ ಜೊತೆ ಹಿಂದಿನ ಚಕ್ರಕ್ಕೆ ತಲುಪಿ ಟೈರು ಜಾರುವ ಅಪಾಯವಿದೆ. ಹಳೆಯ ಸೀಲ್ ಎಷ್ಟು ಆಳದಲ್ಲಿ ಕುಳಿತಿದೆ ಎಂದು ನೋಡಿಕೊಂಡು, ಶಾಫ್ಟಿಗೂ ಸೀಲ್ ಕೂರುವ ಗೂಡಿಗೂ ಗೀರು ಬೀಳದಂತೆ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಹೊಸ ಸೀಲಿನಲ್ಲಿ ಸಣ್ಣ ಸ್ಪ್ರಿಂಗ್ ಕಾಣುವ ಬದಿ ಎಂಜಿನ್ನಿನ ಒಳಕ್ಕೆ, ಅಂದರೆ ಆಯಿಲ್ ಇರುವ ಕಡೆಗೆ ಇರಬೇಕು. ಶಾಫ್ಟಿನ ಹಲ್ಲುಗಳು ಅದರ ತುಟಿಯನ್ನು ಸೀಳದಂತೆ ತೆಳುವಾದ ಪ್ಲಾಸ್ಟಿಕ್ ಟೇಪ್ ಸುತ್ತಿ, ತುಟಿಗೆ ಆಯಿಲ್ ಸವರಿ, ಸೀಲಿನ ಹೊರ ಅಂಚಿನಷ್ಟೇ ಅಗಲದ ಸಾಕೆಟನ್ನು ಇಟ್ಟು ಸಮವಾಗಿ ಒತ್ತಿದರೆ ಅದು ನೇರವಾಗಿ ಕೂರುತ್ತದೆ. ಒಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿದರೆ ಹೊಸ ಸೀಲೂ ಅಂದೇ ಸೋರುತ್ತದೆ.

ಕ್ಲಚ್ ಕವರಿನ ಪ್ಯಾಕಿಂಗಿಗೆ ಆಯಿಲ್ ಪೂರ್ತಿ ಇಳಿಸಬೇಕು. ಅದರ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಟ್ಟರೆ ಗೊಂದಲವಾಗದು. ಗಿಡ್ಡ ಬೋಲ್ಟಿನ ತೂತಿಗೆ ಉದ್ದದ್ದನ್ನು ಬಿಗಿದರೆ ಎಂಜಿನ್ನಿನ ಮೈಯೇ ಒಡೆಯಬಹುದು. ಹಳೆಯ ಪ್ಯಾಕಿಂಗ್ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರಿನಿಂದ ಕೆರೆಯದೆ, ಡೀಸೆಲ್ ಹಚ್ಚಿ ನೆನೆಸಿ, ಬ್ಲೇಡನ್ನು ಮಲಗಿಸಿ ಹಿಡಿದು ಮೆಲ್ಲಗೆ ತೆಗೆಯಬೇಕು, ಏಕೆಂದರೆ ಅಲ್ಲಿ ಬಿದ್ದ ಒಂದು ಗೀರು ಮುಂದಿನ ಸೋರಿಕೆಯ ದಾರಿಯಾಗುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಸಿಲಿಕಾನ್ ಪೇಸ್ಟನ್ನು ಎಲ್ಲ ಕಡೆ ಧಾರಾಳವಾಗಿ ಹಚ್ಚುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಕಾಗದದ ಪ್ಯಾಕಿಂಗ್ ಹೊಸದಾಗಿದ್ದು ಎರಡೂ ಮೈ ಸ್ವಚ್ಛವಾಗಿದ್ದರೆ ಸಾಮಾನ್ಯವಾಗಿ ಪೇಸ್ಟ್ ಬೇಕಿಲ್ಲ. ಹೆಚ್ಚಾದ ಪೇಸ್ಟ್ ಒಳಗೆ ಉಬ್ಬಿ, ತುಂಡಾಗಿ, ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೆ ಆಯಿಲ್ ಸಿಗದೆ ಜಾಮ್ ಆಗುವ ಅಪಾಯವಿದೆ. ಸೋರಿಕೆ ನಿಲ್ಲಲೆಂದು ಕಾರಿನ ಆಯಿಲ್ ಹಾಕುವುದೂ ಬೇಡ. ಅದರಲ್ಲಿರುವ ಜಾರಿಕೆಯ ರಾಸಾಯನಿಕಗಳಿಂದ ಬೈಕಿನ ಕ್ಲಚ್ ಪ್ಲೇಟುಗಳು ಹಿಡಿತ ಬಿಡಬಹುದು. ಡಬ್ಬದ ಮೇಲೆ ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂದು ತಿಳಿಸುವ ಜಾಸೊ ಎಂಎ (JASO MA) ಎಂಬ ಗುರುತಿದೆಯೇ ಎಂದು ನೋಡಿಕೊಳ್ಳಿ.

ಸಿಲಿಂಡರ್ ಹೆಡ್ಡಿನ ಅಥವಾ ಸಿಲಿಂಡರಿನ ಬುಡದ ಪ್ಯಾಕಿಂಗ್ ಸೋರುತ್ತಿದ್ದರೆ, ಇಲ್ಲವೇ ರಿಂಗು ಸವೆದಿದ್ದರೆ, ಅದು ಮನೆಯಂಗಳದ ಕೆಲಸವಲ್ಲ. ಮಿಸ್ತ್ರಿಗೆ ಒಪ್ಪಿಸುವಾಗ ಪೌಡರಿನ ಮೇಲೆ ಕಂಡ ಗೆರೆಯ ಫೋಟೊ ತೋರಿಸಿ, ಹೆಡ್ಡಿನ ಮೈ ಸಮತಟ್ಟಾಗಿದೆಯೇ ಎಂದು ನೋಡಲು ಹೇಳಿ. ಇಳಿಸಿದ ಹಳೆಯ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬದಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ.

ದುರಸ್ತಿಯಾದ ಮೇಲೆ ಜೇವರ್ಗಿಯಷ್ಟು ದೂರ, ಅಂದರೆ ಸುಮಾರು 40 ಕಿಲೊಮೀಟರ್ ಓಡಿಸಿ, ಎಂಜಿನ್ ತಣ್ಣಗಾದ ಬಳಿಕ ಬೋಲ್ಟುಗಳ ಬಿಗಿಯನ್ನೂ ಆಯಿಲ್‌ನ ಮಟ್ಟವನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು.