ಸೆಕೆಂಡ್ ಹ್ಯಾಂಡ್ ಕಾರು: ತಣ್ಣಗಿನ ಎಂಜಿನ್ ನೋಡಿ, ಹೆಸರು ಬದಲಾದ ಆರ್‌ಸಿ ಪಡೆಯಿರಿ

ಬಳಸಿದ ಕಾರು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು. ಮೀಟರಿನ ಅಂಕಿಯನ್ನು ತಿದ್ದಲು ಸಾಧ್ಯವಿರುವುದರಿಂದ ಸರ್ವಿಸ್ ದಾಖಲೆಯನ್ನೇ ಮೊದಲು ಕೇಳುವುದು ಒಳ್ಳೆಯದು. 80,000 ಕಿ.ಮೀ. ಓಡಿಯೂ ಸಕಾಲಕ್ಕೆ ಆಯಿಲ್ ಬದಲಿಸಿಕೊಂಡಿರುವ ಕಾರು, 30,000 ಕಿ.ಮೀ. ಮಾತ್ರ ಓಡಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿಗಿಂತ ನಂಬಿಕೆಗೆ ಹೆಚ್ಚು ಯೋಗ್ಯ. ದಾಖಲೆ ಇಲ್ಲವೆಂದರೆ ಸ್ಟಿಯರಿಂಗ್, ಪೆಡಲ್ ರಬ್ಬರ್ ಮತ್ತು ಚಾಲಕನ ಸೀಟಿನ ಸವೆತವನ್ನು ಮೀಟರಿನ ಅಂಕಿಯೊಂದಿಗೆ ತಾಳೆ ನೋಡಬೇಕು.

ಕಾರನ್ನು ಬೆಳಿಗ್ಗೆಯೇ ನೋಡಲು ಹೋಗಿ, ತಾವು ಬರುವ ಮುನ್ನ ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ. ಬಿಸಿಯಾದ ಎಂಜಿನ್ ತನ್ನ ಹಲವು ದೋಷಗಳನ್ನು ಮುಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ನೋಡಿ. ಅದರ ಒಳಮೈಗೆ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು ದಪ್ಪನಾಗಿ ಅಂಟಿದ್ದರೆ ಆಯಿಲ್‌ಗೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೇರುತ್ತಿರುವ ಶಂಕೆಯಿದೆ. ಸ್ಟಾರ್ಟ್ ಆದ ಬಳಿಕ ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಇವೆರಡರಲ್ಲಿ ಯಾವುದು ಕಂಡರೂ, ಬೆಲೆ ಎಷ್ಟೇ ಇಳಿಸಿದರೂ, ಆ ಕಾರನ್ನು ಬಿಟ್ಟುಬಿಡುವುದೇ ಲೇಸು.

ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರಾದರೆ ಉಪ್ಪುಗಾಳಿಯಿಂದ ತಳಭಾಗಕ್ಕೆ ತುಕ್ಕು ಹಿಡಿದಿದೆಯೇ ಎಂದು ರ‍್ಯಾಂಪಿಗೆ ಏರಿಸಿಯೇ ನೋಡಬೇಕು. ನೆರೆನೀರಿನಲ್ಲಿ ಮುಳುಗಿದ್ದ ಕಾರನ್ನು ಎಷ್ಟೇ ತೊಳೆದರೂ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಅದರ ತುದಿಯಲ್ಲಿ ಕೆಸರಿನ ಕಲೆಯೋ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕೋ ಉಳಿದಿರುವುದುಂಟು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತುಗಳಿದ್ದರೆ ಅದನ್ನು ಏಕೆ ಬಿಚ್ಚಲಾಯಿತೆಂದು ಕೇಳಿ. ಟೈರಿನ ವಯಸ್ಸನ್ನೂ ನೋಡಿ: ಅದರ ಪಕ್ಕದ ಮೈಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ನಿಮಗೆ ಪರಿಚಯವಿರುವ ಮೆಕ್ಯಾನಿಕ್‌ಗೆ ಶುಲ್ಕ ಕೊಟ್ಟಾದರೂ ಒಮ್ಮೆ ತೋರಿಸಿ, ಕೊಳ್ಳುವ ಮಾತನ್ನು ಆಮೇಲೆ ಆಡಿ.

ಕಾಗದಪತ್ರಗಳ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಆರ್‌ಸಿಯಲ್ಲಿರುವಂತೆಯೇ ಇವೆಯೇ ಎಂದು ಅಕ್ಷರಕ್ಷರ ಹೋಲಿಸಬೇಕು. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆರ್‌ಸಿಯಲ್ಲಿನ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರಿಂದಲೇ ಕಟ್ಟಿಸಬೇಕು. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು, ಕಾರು ಕೈಬದಲಾದ ದಿನಾಂಕ ಮತ್ತು ಗಂಟೆಯನ್ನು ಬರೆದ ಪತ್ರಕ್ಕೆ ಇಬ್ಬರೂ ಸಹಿ ಮಾಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೂ ಆಗಲೇ ಸಹಿ ಆಗಲಿ. ಒಂದೇ ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಹೆಸರು ಬದಲಾಗದ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಈ ಅವಸರ ಮಾರುವವರಿಗೂ ಇರಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಸಿಗದೆ ಹೋಗಬಹುದು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆಯ ಹಣ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿನೊಂದಿಗೆ ನಿಮಗೆ ಬರುವುದಿಲ್ಲ.

ಕಾರು ಮನೆಗೆ ಬಂದ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್ ಮತ್ತು ಬ್ರೇಕ್ ಆಯಿಲ್ ಬದಲಿಸಿ. ಹಿಂದಿನವರು ಯಾವಾಗ ಬದಲಿಸಿದ್ದರೆಂಬ ಊಹೆಯ ಮೇಲೆ ಓಡಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಕಾರು ಓಡಲಿ ಬಿಡಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಸದನ್ನು ಹಾಕಿಸಬೇಕು. ಘಟ್ಟದ ರಸ್ತೆಯಲ್ಲಿ ಓಡಾಡುವವರು ಇದನ್ನು ಮುಂದೂಡಲೇಬಾರದು. ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸುವ ಅವಧಿಯನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಲವು ಎಂಜಿನ್‌ಗಳಲ್ಲಿ ಆ ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿದು, ಎಂಜಿನ್ ಬಿಚ್ಚಿಸುವಷ್ಟು ದೊಡ್ಡ ಖರ್ಚು ಬರುತ್ತದೆ.