ಇಪ್ಪತ್ತು ಚೀಲ ಭತ್ತ, ಮೂರು ವರ್ಷ, ಒಂದು ಕಾಸ್ಟ್ ಶೀಟು

ಬಿ.ಕಾಂ.ಗೆ ಪಾಠ ಮಾಡುವವರಿಗೆ ಪ್ರೊಸೆಸ್ ಕಾಸ್ಟಿಂಗ್ (ಮಾಲು ಒಂದೊಂದು ಹಂತ ದಾಟುವಾಗ ತಗಲುವ ವೆಚ್ಚದ ಲೆಕ್ಕ) ಎಂಥ ಗೋಳು ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರೊಸೆಸ್ ಎ, ಪ್ರೊಸೆಸ್ ಬಿ, ಸಾವಿರ ಯೂನಿಟ್, ಶೇ. 5 ನಾರ್ಮಲ್ ಲಾಸ್, ಅಂದರೆ ಆಗೇ ಆಗುವ ಸಹಜ ನಷ್ಟ. ಯೂನಿಟ್ ಅಂದರೆ ಯಾವ ವಸ್ತು, ಅದು ಯಾಕೆ ಕಮ್ಮಿಯಾಯಿತು, ಯಾರೂ ಕೇಳುವುದಿಲ್ಲ. ಹುಡುಗರು ಉರು ಹೊಡೀತಾರೆ; ಪ್ರಶ್ನೆಯಲ್ಲಿ ಒಂದು ಅಂಕಿ ಆಚೀಚೆ ಆದರೆ ಪೆನ್ನು ಕೆಳಗಿಡ್ತಾರೆ. ನಮ್ಮದು ಗಂಗಾವತಿ. ಕ್ಲಾಸಿನ ಕಿಟಕಿಯಿಂದ ನೋಡಿದರೆ ರೈಸ್ ಮಿಲ್ಲಿನ ಹೊಗೆಗೊಳವೆ ಕಾಣುತ್ತದೆ, ಅರ್ಧ ಹುಡುಗರ ಮನೆಯಲ್ಲಿ ಗದ್ದೆ ಇದೆ. ಅಂಥವರಿಗೆ ಯೂನಿಟ್ ಎ, ಯೂನಿಟ್ ಬಿ ಅಂತ ಹೇಳಿಕೊಂಡು ಎಂಟು ವರ್ಷ ಕಳೆದಿದ್ದೆ.

2022ರ ಸುಗ್ಗಿಯಲ್ಲಿ, 20 ಚೀಲ ಭತ್ತ ಕೊಂಡು, ಅಕ್ಕಿ ಮಾಡಿಸಿ, ಮಾರಿ, ಆ ಲೆಕ್ಕದ ಮೇಲೇ ಇಡೀ ಅಧ್ಯಾಯ ಮಾಡ್ತೀನಿ ಅಂದೆ. ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. "ಮಾಸ್ತರ್ರು ಕಿರಾಣಿ ಅಂಗಡಿ ಇಡ್ತಾರಂತ!" ಒಬ್ಬ ಹಿರಿಯರು ಮಾತ್ರ ಪಕ್ಕಕ್ಕೆ ಕರೆದು, "ಹುಡುಗರ ರೊಕ್ಕ ಮುಟ್ಟಬ್ಯಾಡ್ರಿ, ನಾಳೆ ನಿಮ್ಮ ಮ್ಯಾಲೇ ಬರ್ತೈತಿ" ಅಂದರು. ಅವರ ಮಾತು ಸುಳ್ಳೇನಾಗಲಿಲ್ಲ.

ತಲೆಗೆ 500ರಂತೆ ನಲವತ್ತು ಮಂದಿಯಿಂದ ಇಪ್ಪತ್ತು ಸಾವಿರ ಕೂಡಿತು, ಉಳಿದದ್ದು ನನ್ನದು. ಅತಿಥಿ ಉಪನ್ಯಾಸಕನ ಕೈಯಲ್ಲಿ ಆ 'ಉಳಿದದ್ದು' ಎಲ್ಲಿಂದ ಬಂತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. 75 ಕೆಜಿ ಚೀಲಕ್ಕೆ 1,600ರಂತೆ ಸುಮಾರು 32 ಸಾವಿರಕ್ಕೆ ಸೋನಾ ಮಸೂರಿ ಕೊಂಡೆವು. ಕಟಾವು ಮಷಿನ್ನಿನಿಂದ ಆಗತಾನೇ ಇಳಿದ ಹಸಿ ಭತ್ತ, ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆವು. ರಸ್ತೆ ಮೇಲೆ ಹರವಿ ಎರಡೇ ದಿನದಲ್ಲಿ ಒಣಗಿಸಿದೆವು. ಹದಿನೈದು ಕ್ವಿಂಟಲಿನಲ್ಲಿ ನೂರಾ ಇಪ್ಪತ್ತು ಕೆಜಿ ಬರೀ ನೀರು, ಆವಿಯಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಮಿಲ್ಲಿನಲ್ಲಿ: ಬಿರುಬಿಸಿಲಿಗೆ ಗಡಬಡಿಸಿ ಒಣಗಿಸಿದ ಕಾಳು ಒಳಗೇ ಸೀಳಿತ್ತು, ನುಚ್ಚು ಸುರಿಯಿತು. ಮುರಿಯದ ಇಡೀ ಕಾಳಿನ ಅಕ್ಕಿ ಏಳು ಕ್ವಿಂಟಲ್ ಬಂದರೆ ಪುಣ್ಯ. ಹೊಸ ಅಕ್ಕಿ, ಅನ್ನ ಮುದ್ದೆಯಾಗುತ್ತದೆ ಅಂತ ಕೊಳ್ಳುವವರು ಮೂಗು ಮುರಿದರು, ಕೆಜಿಗೆ ನಲವತ್ತಕ್ಕೆ ಕೊಟ್ಟೆವು. ಹಮಾಲಿ, ಗಾಡಿ ಬಾಡಿಗೆ, ಖಾಲಿ ಚೀಲ ಎಲ್ಲಾ ಸೇರಿ ಐದು ಸಾವಿರ ಲುಕ್ಸಾನು. ಹುಡುಗರ 500 ಪೂರ್ತಿ ವಾಪಸು ಕೊಟ್ಟೆ, ಲುಕ್ಸಾನು ನನ್ನ ತಲೆಗೆ. ಸ್ಟಾಫ್ ರೂಮಿನಲ್ಲಿ ಒಂದು ತಿಂಗಳು ಚಹಾ ಕುಡಿಯಲು ಹೋಗಲಿಲ್ಲ.

ಮರುವರ್ಷ ಬರ. ಕೇಂದ್ರ ಸರ್ಕಾರ ಜುಲೈನಲ್ಲೇ ಬಾಸ್ಮತಿಯಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿತ್ತು, ಆದರೂ ಇಲ್ಲಿ ಭತ್ತ ಚೀಲಕ್ಕೆ ಎರಡು ಸಾವಿರ ದಾಟಿತ್ತು. ರಫ್ತು ನಿಂತರೆ ಬೆಲೆ ಇಳಿಯಬೇಕಲ್ಲ ಸರ ಅಂತ ಹುಡುಗರು ಕೇಳಿದರು. ಬಿಸಿನೆಸ್ ಎನ್ವಿರಾನ್‌ಮೆಂಟ್ ಪಾಠಕ್ಕೆ ಎರಡು ಪೀರಿಯಡ್ ಪುಕ್ಕಟೆ ಸಿಕ್ಕಿತು. ಆ ವರ್ಷ ಹತ್ತೇ ಚೀಲ, ನೆರಳಲ್ಲಿ ಒಣಗಿಸಿದ್ದು. ಲಾಭ ಮುನ್ನೂರೋ ಮುನ್ನೂರೈವತ್ತೋ. ಆದರೆ ಆ ವರ್ಷವೇ ನನ್ನ ಕಣ್ಣು ತೆರೆದದ್ದು.

ಕಾಸ್ಟ್ ಶೀಟಿನಲ್ಲಿ, ಅಂದರೆ ವೆಚ್ಚದ ಪಟ್ಟಿಯಲ್ಲಿ, ಮಿಲ್ಲಿಂಗ್ ಚಾರ್ಜ್ ಎದುರು ಹುಡುಗರು ಸೊನ್ನೆ ಬರೆದಿದ್ದರು. ಚಿಕ್ಕ ಗಿರಣಿ, ರೊಕ್ಕ ತಗೊಂಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಅವರು ಪುಕ್ಕಟೆ ಯಾಕ ಮಾಡಿಕೊಟ್ರು? ನಮ್ಮ ತೌಡು ಎಲ್ಲಿ?" ಅಂದಳು. ಅಷ್ಟೇ. ತೌಡು, ಹೊಟ್ಟು ಎರಡನ್ನೂ ಗಿರಣಿಯವ ಇಟ್ಟುಕೊಂಡಿದ್ದ. ತೌಡು ಎಣ್ಣೆ ತೆಗೆಯುವವರಿಗೆ ಹೋಗುತ್ತದೆ, ಹೊಟ್ಟು ಬಾಯ್ಲರಿಗೆ. ಇಂಥ ಬೈ-ಪ್ರಾಡಕ್ಟಿನ (ಉಪ ಉತ್ಪನ್ನದ) ಬೆಲೆಯನ್ನು ಮುಖ್ಯ ಪ್ರಾಡಕ್ಟಿನ ವೆಚ್ಚದಲ್ಲಿ ಕಳೆಯಬೇಕು ಅಂತ ಎಂಟು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ನನ್ನ ತೌಡೇ ಕಣ್ಣೆದುರು ಹೋಗುತ್ತಿದ್ದರೂ ಕಂಡಿರಲಿಲ್ಲ.

ಮೂರನೇ ಸಲ, 2024ರ ಡಿಸೆಂಬರ್. ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಈ ವರ್ಷ ಭತ್ತವೇ ಇಲ್ಲ ಅಂದುಕೊಂಡಿದ್ದೆವು, ಬೆಳೆ ಬಂತು. 1,650ರಂತೆ 20 ಚೀಲ. ಒಬ್ಬ ಹುಡುಗನ ಮನೆಯ ಖಾಲಿ ಕೋಣೆಯಲ್ಲಿ ಆರು ತಿಂಗಳು ಇಟ್ಟು ಹಳೇದು ಮಾಡಿದೆವು. ಯಾವ ರಾಶಿ ಆರಿಸಬೇಕು ಅನ್ನುವುದಕ್ಕೆ ನನ್ನದೊಂದು ಪರೀಕ್ಷೆ ಇದೆ, ತೇವ ಅಳೆಯುವ ಮಾಯಿಶ್ಚರ್ ಮಷೀನು ಬೇಕಿಲ್ಲ; ಅದನ್ನು ಇಲ್ಲಿ ಬರೆಯಲ್ಲ. ಈ ಸಲ ಗಿರಣಿಯವನಿಗೆ ರೊಕ್ಕ ಎಣಿಸಿ ಕೊಟ್ಟು ತೌಡು ನಾವೇ ಹೊತ್ತು ತಂದೆವು.

ಆರು ತಿಂಗಳು ಇಟ್ಟ ಭತ್ತ ಇಪ್ಪತ್ತೈದು ಕೆಜಿ ಕಮ್ಮಿ ಬಂದಿತ್ತು. ಹದಿನೈದು ಒಣಗಿದ್ದು, ಹತ್ತು ಇಲಿ ತಿಂದದ್ದು. ಇಲಿ ತಿಂದದ್ದು ನಾರ್ಮಲ್ಲೋ ಅಬ್‌ನಾರ್ಮಲ್ಲೋ ಅಂತ ಒಂದಿಡೀ ತಾಸು ಜಗಳ. "ನಮ್ಮಜ್ಜಿ ಹಗೇವಿನಾಗ ಇಟ್ರೂ ತಿಂತಿತ್ತು, ವರ್ಷಾ ತಿಂತೈತಿ, ಅದು ನಾರ್ಮಲ್" ಅಂದ ಒಬ್ಬ. "ಬಾಗಿಲು ತೆರೆದಿಟ್ಟವರು ನೀವು, ಅದರ ಹೊರೆ ಅಕ್ಕಿ ಮ್ಯಾಲ ಯಾಕ ಹಾಕ್ತೀರಿ?" ಅಂದಳು ತೌಡಿನ ಹುಡುಗಿಯ ತಂಗಿ (ಈ ಬ್ಯಾಚಿನವಳು, ಅಕ್ಕನಿಗಿಂತ ಜೋರು). ನಾರ್ಮಲ್ ಆದರೆ ಆ ವೆಚ್ಚ ಉಳಿದ ಮಾಲು ಹೊರುತ್ತದೆ, ಅಬ್‌ನಾರ್ಮಲ್ ಆದರೆ ನೇರ ಲಾಭ-ನಷ್ಟದ ಖಾತೆಗೆ. ನಾನು ಬಾಯಿ ಬಿಡಲೇ ಇಲ್ಲ. ಕೊನೆಗೆ ಆರು ಕೆಜಿ ನಾರ್ಮಲ್, ನಾಲ್ಕು ಅಬ್‌ನಾರ್ಮಲ್ ಅಂತ ರಾಜಿಯಾಯಿತು.

ಹಳೇ ಅಕ್ಕಿ 50ರಂತೆ 880 ಕೆಜಿ, ನುಚ್ಚು, ತೌಡು ಸೇರಿ ಸುಮಾರು 46,800 ಬಂತು. ಖರ್ಚು ಕಳೆದು ಕೈಯಲ್ಲಿ ಉಳಿದದ್ದು 8,300. ಹುಡುಗರು ಕುಣಿದಾಡಿದರು. ಆಗ ಕಾಸ್ಟ್ ಶೀಟಿನ ಹಾಳೆ ಹಂಚಿದೆ. ಕೋಣೆಗೆ ಬಾಡಿಗೆ ಕೊಟ್ಟಿಲ್ಲ, ಕೊಟ್ಟಿದ್ದರೆ ಆರುನೂರು. 33 ಸಾವಿರ ಆರು ತಿಂಗಳು ಸುಮ್ಮನೆ ಕೂತಿತ್ತು, ಬಡ್ಡಿ ಎಷ್ಟು? ಬ್ಯಾಂಕಿನ ಲೆಕ್ಕ ಹಾಕೋಣ ಅಂದರು ಕೆಲವರು. "ಬ್ಯಾಂಕು ನಮಗ ಕೊಡ್ತೈತೇನ್ರಿ? ನಮ್ಮಪ್ಪ ತರೋದು ನೂರಕ್ಕ ಎರಡು ರೂಪಾಯಿ ಬಡ್ಡಿಗೆ" ಅಂದ ಒಬ್ಬ. ತಿಂಗಳಿಗೆ ನೂರಕ್ಕೆ ಎರಡು, ಅಂದರೆ ಆರು ತಿಂಗಳಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ. ಲಾಭ 3,700ಕ್ಕೆ ಇಳಿಯಿತು. ಕ್ಲಾಸು ಗಪ್‌ಚಿಪ್. ಸುಗ್ಗಿಯಲ್ಲೇ ಭತ್ತ ಮಾರಿದ್ದಕ್ಕೆ ಅಪ್ಪನ ಮೇಲೆ ಮುನಿಸಿಕೊಂಡಿದ್ದೆ ಅಂತ ಒಬ್ಬ ಆಮೇಲೆ ಹೊರಗೆ ಹೇಳಿದ.

ನಡುವೆ ಅಡ್ಡದಾರಿಗಳೂ ಆದವು. 26 ಕೆಜಿ ಅಕ್ಕಿ ಚೀಲ ಯಾಕೆ ಬಂತು ಅಂತ ಹುಡುಕಿ ಬರ್ರಿ ಅಂದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಚೀಲಕ್ಕೆ ಶೇ. 5 ಜಿಎಸ್‌ಟಿ, ಒಂದು ಕೆಜಿ ಹೆಚ್ಚಾದರೆ ಇಲ್ಲ ಅಂತ ತಾವೇ ತಂದರು, ಪುಸ್ತಕದಲ್ಲಿ ಓದಿದ್ದರೆ ಮರೆತಿರೋರು. ಬಳ್ಳಾರಿಗೆ ಜೀನ್ಸ್ ಹೊಲಿಯುವ ಘಟಕ ನೋಡಲು ಹೋದೆವು, ಒಂದೊಂದು ಆರ್ಡರಿನ ವೆಚ್ಚ ಲೆಕ್ಕ ಹಾಕುವ ಜಾಬ್ ಕಾಸ್ಟಿಂಗ್‌ಗೆ. ಮಾಲೀಕ ಚಹಾ ಕೊಟ್ಟ, ಲೆಕ್ಕ ಕೊಡಲಿಲ್ಲ, ಬಸ್ ಖರ್ಚು ದಂಡ. ಕಿನ್ನಾಳದ ಗೊಂಬೆ ಮಾಡುವ ಅಜ್ಜನಿಗೆ ಮನೆಯವರ ಕೂಲಿ ಎಷ್ಟು ಹಿಡೀತೀರಿ ಅಂದರೆ, "ಮನಿಯವರಿಗೆ ಕೂಲಿ ಏನಪ್ಪಾ" ಅಂತ ನಕ್ಕ. ಒಗ್ಗರಣಿ-ಮಿರ್ಚಿ ಬಂಡಿಯ ಬ್ರೇಕ್ ಈವನ್ (ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವ ಮಟ್ಟ) ದಿನಕ್ಕೆ ಎಪ್ಪತ್ತು ಪ್ಲೇಟು ಅಂತ ತೆಗೆದಿದ್ದೆವು. ಬಂಡಿಯಾಕೆ ಹಾಳೆ ನೋಡಿ, "ನಿನ್ನಿ ಎಣ್ಣಿ ಲೆಕ್ಕದಾಗ ಇಲ್ಲಲ್ರಿ" ಅಂದಳು. ಓಪನಿಂಗ್ ಸ್ಟಾಕು, ಅಂದರೆ ಹಿಂದಿನ ದಿನ ಉಳಿದ ಮಾಲು, ಬಿಟ್ಟಿದ್ದೆವು. ಅಂದಿನಿಂದ ನಾನು ಅಲ್ಲಿ ಮಿರ್ಚಿ ತಿನ್ನುವುದು ಕಮ್ಮಿ ಮಾಡಿದ್ದೀನಿ.

ಫಲಿತಾಂಶ? ಆ ಪೇಪರಿನಲ್ಲಿ ಮುಂಚೆ ಹೆಚ್ಚುಕಮ್ಮಿ ಅರ್ಧ ಮಂದಿ ಫೇಲಾಗುತ್ತಿದ್ದರು, ಈ ಸಲ ನಲವತ್ಮೂರರಲ್ಲಿ ಆರೋ ಏಳೋ. ಇಬ್ಬರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಸೇರಿದರು. ಸಂದರ್ಶನದಲ್ಲಿ ಮಾಲೀಕ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್ವೇರು) ಬರ್ತೈತಾ ಅಂತ ಕೇಳಿ, ಆಮೇಲೆ ನೂರು ಚೀಲಕ್ಕೆ ತೌಡು ಎಷ್ಟು ಬೀಳ್ತೈತಿ ಅಂತ ಕೇಳಿದನಂತೆ. ಉತ್ತರ ಬಂತು.

ಚಹಾದ ಹೊತ್ತಿಗೆ ನಕ್ಕವರೊಬ್ಬರು ಮೊನ್ನೆ ಆ ಕಾಸ್ಟ್ ಶೀಟಿನ ಹಾಳೆ ಕೇಳಿದರು, ಕೊಟ್ಟೆ. ಕೊನೆಯ ಎರಡು ಕಾಲಂ ಖಾಲಿ ಇವೆ, ಅವನ್ನು ಯಾವ ಹೊತ್ತಿಗೆ ತುಂಬಿಸಬೇಕು ಅಂತ ಮಾತ್ರ ಹೇಳಲಿಲ್ಲ. ಉಳಿದ ರೊಕ್ಕ ಹಂಚುವಾಗ ಹುಡುಗರು ತಮ್ಮ ಪಾಲಿನಿಂದ ತಲಾ ಐವತ್ತು ಬಿಟ್ಟರು. ಅದರಲ್ಲಿ ಒಂದು ತಾಡಪತ್ರಿ (ಟಾರ್ಪಾಲು) ತಂದು ಸ್ಟಾಫ್ ರೂಮಿನ ಬೀರು ಮೇಲೆ ಮಡಚಿ ಇಟ್ಟಿದ್ದೀನಿ. ಅದರ ಸವಕಳಿ ಎಷ್ಟು ವರ್ಷಕ್ಕೆ ಹಿಡಿಯಬೇಕು ಅನ್ನುವ ಜಗಳ ಹೊಸ ಬ್ಯಾಚಿನಲ್ಲಿ ಆಗಲೇ ಶುರುವಾಗಿದೆ.