ಈ ರ್‍ಯಾಂಕಿಗೆ ಸೀಟು ಸಿಗತೈತೇನು? ಕಟ್‌ಆಫ್ ಪಟ್ಟಿ ಓದುವ ನನ್ನ ಲೆಕ್ಕ

ಸಿಇಟಿ ರ್‍ಯಾಂಕ್ ಬಂದ ದಿನ ಹುಬ್ಬಳ್ಳಿ-ಧಾರವಾಡದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಸರ, ಇಷ್ಟ ರ್‍ಯಾಂಕಿಗೆ ಬಿವಿಬಿ ಸಿಗತೈತೇನ್ರಿ?” ವಿದ್ಯಾನಗರದ ಆ ಕಾಲೇಜು 2015ರಲ್ಲೇ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಆಯಿತು, ಆದರೆ ಜನರ ಬಾಯಲ್ಲಿ ಇವತ್ತಿಗೂ ಬಿವಿಬಿಯೇ. ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಥಟ್ಟನೆ ಹೇಳುವವರನ್ನು ನಾನು ನಂಬುವುದಿಲ್ಲ. ಬ್ರಾಂಚ್ ಯಾವುದು, ಕೆಟಗರಿ ಯಾವುದು, ಒಂದರಿಂದ ಹತ್ತನೇವರೆಗೆ ಓದಿದ ಶಾಲೆ ಎಲ್ಲಿದೆ, ಮಾಧ್ಯಮ ಯಾವುದು, ಇಷ್ಟು ಗೊತ್ತಾದ ಮೇಲೆಯೇ ನಾನು ಪೆನ್ಸಿಲ್ ಹಿಡಿಯುವುದು.

ಮೊದಲು ರ್‍ಯಾಂಕ್ ಹುಟ್ಟುವ ಬಗೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕ ಅರ್ಧ, ಸಿಇಟಿಯ 180 ಅಂಕ ಇನ್ನರ್ಧ. ಎರಡನ್ನೂ ತಲಾ 50ಕ್ಕೆ ಇಳಿಸಿ ಕೂಡಿಸುತ್ತಾರೆ. ಪಿಯುಸಿಯ 30 ಅಂಕವೂ ಸಿಇಟಿಯ 18 ಅಂಕವೂ ಇಲ್ಲಿ ಒಂದೇ ತೂಕ, ಎರಡೂ ಐದೈದು. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 80 ಬಂದವರದು 47.5 ಮತ್ತು 22.22 ಸೇರಿ 69.72. ಪಿಯುಸಿಯಲ್ಲಿ 255, ಸಿಇಟಿಯಲ್ಲಿ 98 ಬಂದವರದೂ 42.5 ಮತ್ತು 27.22 ಸೇರಿ ಅದೇ 69.72. “ಪಿಯುಸಿ 95 ಪರ್ಸೆಂಟ್ ಆಗೇತಿ, ಇನ್ನೇನು ಚಿಂತಿ” ಅನ್ನುವ ಮನೆಯವರಿಗೂ, “ಬೋರ್ಡ್ ಪರೀಕ್ಷೆ ಹೆಂಗ ಆದರೂ ನಡೀತೈತಿ” ಅನ್ನುವ ಹುಡುಗರಿಗೂ ಇದೇ ಲೆಕ್ಕವನ್ನು ಬರೆದು ತೋರಿಸುತ್ತೇನೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಒಂದೂ ಪ್ರಶ್ನೆ ಖಾಲಿ ಬಿಟ್ಟು ಬರಬಾರದು.

ಇಷ್ಟು ಅಂಕಕ್ಕೆ ಇಷ್ಟು ರ್‍ಯಾಂಕ್ ಎಂದು ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳನ್ನು ನಾನು ಬಳಸುವುದಿಲ್ಲ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಬರೀ ಸಿಇಟಿ ಅಂಕದ ಮೇಲೆ ರ್‍ಯಾಂಕ್ ಕೊಟ್ಟರು. 2024ರಲ್ಲಿ ಪಠ್ಯದಾಚೆಯ ಪ್ರಶ್ನೆಗಳ ಗಲಾಟೆ ಎದ್ದು ಅವನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದದ್ದೂ ಅದೇ ವರ್ಷ. ಹೀಗಿರುವಾಗ ಒಂದು ವರ್ಷದ 120 ಅಂಕ ಇನ್ನೊಂದು ವರ್ಷದ 120ಕ್ಕೆ ಸಮ ಅಲ್ಲ. ರ್‍ಯಾಂಕ್ ಮಾತ್ರ ಸುಮಾರಾಗಿ ಹೋಲಿಸಬಹುದಾದ ಅಳತೆ. ಅದು ಬರುವವರೆಗೆ ಸುಮ್ಮನಿರುವುದೇ ವಾಸಿ.

ರ್‍ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಿಂದಿನ ಮೂರು ವರ್ಷಗಳ, ಒಂದೊಂದು ಸೀಟು ಕೊನೆಗೆ ಎಷ್ಟನೇ ರ್‍ಯಾಂಕಿನವರಿಗೆ ಸಿಕ್ಕಿತು ಎಂದು ಹೇಳುವ ಕಟ್‌ಆಫ್ ಪಿಡಿಎಫ್ ಇಳಿಸಿಕೊಳ್ಳುತ್ತೇನೆ, ಪ್ರತಿ ವರ್ಷದ್ದು ಎರಡೆರಡು: ಮೊದಲ ಸುತ್ತಿನದು, ಕೊನೆಯ ಸುತ್ತಿನದು. ಒಂದೊಂದು ಕಾಲೇಜಿನ ಕೆಳಗೆ ಬ್ರಾಂಚ್‌ಗಳ ಸಾಲು, ಅಡ್ಡಕ್ಕೆ 1ಜಿ, 1ಕೆ, 1ಆರ್, 2ಎಜಿ ಹೀಗೆ ಎಸ್‌ಟಿಆರ್‌ವರೆಗೆ ಕಾಲಂ. 1, 2ಎ, 3ಬಿ ಇವು ರಾಜ್ಯದ ಹಿಂದುಳಿದ ವರ್ಗಗಳ ಹೆಸರು. ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ 2ಎ ಹುಡುಗಿಗೆ 2ಎಜಿ, 2ಎಕೆ, 2ಎಆರ್ ಮೂರೂ ಅನ್ವಯಿಸುತ್ತವೆ. ಜತೆಗೆ ಜಿಎಂ (ಜನರಲ್ ಮೆರಿಟ್) ಕಾಲಂ ಎಲ್ಲರದ್ದು. ಅದು ಮೀಸಲಾತಿ ಇಲ್ಲದವರಿಗೆ ಮಾತ್ರ ಅಂತ ಬಹಳ ಮಂದಿ ತಿಳಿದಿರುತ್ತಾರೆ, ತಪ್ಪು. ತನಗೆ ಅನ್ವಯಿಸುವ ಕಾಲಂಗಳಲ್ಲಿ ಯಾವುದರ ಅಂಕಿ ದೊಡ್ಡದೋ ಅದೇ ಆ ವಿದ್ಯಾರ್ಥಿಯ ಗೆರೆ.

ಈಗ ಭಾಗಾಕಾರ. ರ್‍ಯಾಂಕುಗಳ ವ್ಯತ್ಯಾಸವನ್ನು ಕಳೆದು ನೋಡಬಾರದು. 1,000ನೇ ರ್‍ಯಾಂಕಿನ ಹತ್ತಿರ 500 ಅಂದರೆ ಗುಡ್ಡ, 60,000ದ ಹತ್ತಿರ 500 ಅಂದರೆ ಧೂಳು. ಹಾಗಾಗಿ ವಿದ್ಯಾರ್ಥಿಯ ರ್‍ಯಾಂಕನ್ನು ಕಟ್‌ಆಫ್‌ನಿಂದ ಭಾಗಿಸುತ್ತೇನೆ. ಮೂರು ವರ್ಷದ ಮೊದಲ ಸುತ್ತಿನ ಅಂಕಿಗಳಲ್ಲಿ ಅತಿ ಬಿಗಿಯಾದದ್ದರಿಂದ (ಅಂದರೆ ಅತಿ ಚಿಕ್ಕದ್ದರಿಂದ) ಭಾಗಿಸಿದಾಗ 0.9 ಅಥವಾ ಕಡಿಮೆ ಬಂದರೆ ಸಾಲಿನ ಮುಂದೆ ‘ಗ್ಯಾರಂಟಿ’. ಬರದಿದ್ದರೆ ಕೊನೆಯ ಸುತ್ತಿನ ಬಿಗಿಯಾದ ಅಂಕಿಯಿಂದ ಭಾಗಿಸುವುದು: 1.15ರ ಒಳಗಿದ್ದರೆ ‘ಅನುಮಾನ’, 1.4ರ ಒಳಗಿದ್ದರೆ ‘ಆಸೆ’, ಅದರಾಚೆ ಖಾಲಿ. ಈ ಮಿತಿಗಳು ನನ್ನ ರೂಢಿಯವು, ಶಾಸ್ತ್ರ ಅಲ್ಲ.

ಲೆಕ್ಕ ತಿಳಿಯಲೆಂದು ಕಾಲ್ಪನಿಕ ಅಂಕಿ ಹಾಕಿ ಒಂದು ಸಾಲು ನೋಡೋಣ. ವಿದ್ಯಾರ್ಥಿ 3ಬಿ, ರ್‍ಯಾಂಕ್ 17,600. ಒಂದು ಬ್ರಾಂಚಿನ 3ಬಿಜಿ ಕೊನೆಯ ಸುತ್ತು ಮೂರು ವರ್ಷದಲ್ಲಿ 18,400, 16,900, 21,200. ಮೊದಲ ಸುತ್ತಿನ ಬಿಗಿಯಾದ ಅಂಕಿ 15,200. ಜಿಎಂ ಇದಕ್ಕಿಂತ ಬಿಗಿ ಇದೆ, ಬಿಡೋಣ. 17,600ನ್ನು 15,200ರಿಂದ ಭಾಗಿಸಿದರೆ 1.16, ಗ್ಯಾರಂಟಿ ಹೋಯಿತು. 16,900ರಿಂದ ಭಾಗಿಸಿದರೆ 1.04, ಅನುಮಾನ. ಮನೆಯವರ ಕಣ್ಣು ಮಾತ್ರ 21,200ರ ಮೇಲೆ: “ಹ್ವಾದ ವರ್ಷ ಇಪ್ಪತ್ತೊಂದು ಸಾವಿರಕ್ಕ ಕೊಟ್ಟಾರಲ್ರಿ?” ಕೊಟ್ಟದ್ದು ನಿಜ. ಆದರೆ ಆ ಅಂಕಿ ಹಾಗೇಕೆ ಜಿಗಿಯಿತು ಎಂಬುದನ್ನು ನೋಡಬೇಕು.

ಜಿಗಿತಕ್ಕೆ ಮುಖ್ಯ ಕಾರಣ ಆ ಕಾಲಂನಲ್ಲಿ ಇರುವ ಸೀಟುಗಳ ಸಂಖ್ಯೆ. ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಸಿಇಟಿಗೆ, ಶೇ 30 ಖಾಸಗಿ ಕಾಲೇಜುಗಳ ಪ್ರತ್ಯೇಕ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಗೆ, ಶೇ 25 ಆಡಳಿತ ಮಂಡಳಿಗೆ. 60 ಸೀಟಿನ ಬ್ರಾಂಚ್ ಆದರೆ ಸಿಇಟಿಗೆ 27. ಅದರಲ್ಲಿ 2ಎಗೆ ಶೇ 15 ಅಂದರೆ ನಾಲ್ಕು. 3ಬಿಗೆ ಶೇ 5, ಅಂದರೆ ಒಂದೂ ಚಿಲ್ಲರೆ. 2ಬಿ, 3ಎ, ಪ್ರವರ್ಗ 1ಕ್ಕೆ ತಲಾ ಶೇ 4, ಹೆಚ್ಚುಕಡಿಮೆ ಒಂದು. ಆ ಒಂದನ್ನೂ ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5 ಎಂದು ಹಂಚಿದರೆ ಎಷ್ಟೋ ಬ್ರಾಂಚುಗಳಲ್ಲಿ 3ಬಿಕೆ ಕಾಲಂನಲ್ಲಿ ಬರೀ ಎರಡು ಗೆರೆ (ಯಾರಿಗೂ ಸಿಕ್ಕಿಲ್ಲ ಎಂದರ್ಥ) ಕಾಣುವುದು ಸಹಜ. ಒಂದೇ ಸೀಟಿನ ಕಾಲಂನಲ್ಲಿ ಕಟ್‌ಆಫ್ ಅಂದರೆ ಒಬ್ಬ ಹುಡುಗನ ರ್‍ಯಾಂಕ್, ಅಷ್ಟೇ. ಆತ ಕೊನೆಯ ಗಳಿಗೆಯಲ್ಲಿ ಬೆಂಗಳೂರಿಗೆ ಹೋದರೆ ಮುಂದಿನವನ ರ್‍ಯಾಂಕ್ ಕಟ್‌ಆಫ್ ಆಗುತ್ತದೆ, ನಾಲ್ಕು ಸಾವಿರ ಜಿಗಿಯುತ್ತದೆ. ಆದ್ದರಿಂದ ಕಟ್‌ಆಫ್ ಪಟ್ಟಿಯ ಪಕ್ಕದಲ್ಲಿ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲಂಗೆ ಎಷ್ಟು ಸೀಟು ಎಂಬ ಪಟ್ಟಿ) ಇಟ್ಟುಕೊಂಡೇ ಓದಬೇಕು. ಕಾಲಂನಲ್ಲಿ ನಾಲ್ಕಕ್ಕಿಂತ ಕಡಿಮೆ ಸೀಟಿದ್ದರೆ ನಾನು ಆ ಸಾಲಿಗೆ ‘ಗ್ಯಾರಂಟಿ’ ಬರೆಯುವುದೇ ಇಲ್ಲ, ಭಾಗಾಕಾರ ಏನೇ ಹೇಳಲಿ. ಜಿಎಂ ಕಾಲಂನಿಂದಲೇ 0.9 ಬಂದರೆ ಮಾತ್ರ ಬರೆಯುತ್ತೇನೆ.

ಇನ್ನೊಂದು ಕಾರಣ ಸೀಟು ಏರಿಕೆ. 2024-25ರಿಂದ ತಾಂತ್ರಿಕ ಶಿಕ್ಷಣ ನಿಯಂತ್ರಿಸುವ ಎಐಸಿಟಿಇ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಬ್ರಾಂಚ್‌ವಾರು ಪ್ರವೇಶದ ಮೇಲ್ಮಿತಿ ತೆಗೆದುಹಾಕಿತು. ಕಂಪ್ಯೂಟರ್ ಸೈನ್ಸಿನಲ್ಲಿ 60 ಸೀಟು ಹೆಚ್ಚಾದರೆ ಆ ಬ್ರಾಂಚಿನ ಕಟ್‌ಆಫ್ ಸಡಿಲಾಗುತ್ತದೆ. ಅಷ್ಟೇ ಅಲ್ಲ, ಎಲೆಕ್ಟ್ರಾನಿಕ್ಸಿಗೆ ಬರುತ್ತಿದ್ದವರು ಅತ್ತ ಸರಿಯುವುದರಿಂದ ಎಲೆಕ್ಟ್ರಾನಿಕ್ಸೂ ಸಡಿಲ, ಅದರ ಹಿಂದೆ ಮೆಕ್ಯಾನಿಕಲ್, ಸಿವಿಲ್ಲೂ. ಹೊಸದಾಗಿ ಶುರುವಾದ ಬ್ರಾಂಚಿಗೆ ಹಿಂದಿನ ಕಟ್‌ಆಫೇ ಇರುವುದಿಲ್ಲ. ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಕಟ್‌ಆಫ್‌ಗಳ ನಡುವೆ ಎಲ್ಲೋ ಬರುತ್ತದೆಂದು ಹಿಡಿದು ‘ಅನುಮಾನ’ ಬರೆಯುತ್ತೇನೆ.

ಹೆಸರಿನಲ್ಲಿ ಎಡವುವವರೂ ಇದ್ದಾರೆ. ‘ಕೆಎಲ್‌ಇ’ ಅಂತ ಹುಡುಕಿದರೆ ವಿದ್ಯಾನಗರದ ವಿಶ್ವವಿದ್ಯಾಲಯ, ಅದರ ಬೆಳಗಾವಿ ಕ್ಯಾಂಪಸ್, ಗೋಕುಲ ರಸ್ತೆಯ ಕೆಎಲ್‌ಇ ತಂತ್ರಜ್ಞಾನ ಸಂಸ್ಥೆ, ಇವು ಬೇರೆ ಬೇರೆ ಸಾಲು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಅನುದಾನಿತ ಸೀಟು ಬೇರೆ, ಅನುದಾನರಹಿತ ಸೀಟು ಬೇರೆ. ಶುಲ್ಕವೂ ಬೇರೆ, ಕಟ್‌ಆಫೂ ಬೇರೆ. ಹೆಸರು ನೋಡಬೇಡಿ, ‘ಇ’ ಅಕ್ಷರದಿಂದ ಶುರುವಾಗುವ ಕಾಲೇಜು ಕೋಡ್ ನೋಡಿ.

ಪಿಡಿಎಫ್‌ಗಳೂ ಎರಡು ಥರ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಸೀಟುಗಳಿಗೆ ಬೇರೆ ಪಟ್ಟಿ. ಧಾರವಾಡ, ಗದಗ, ಹಾವೇರಿ ಇದರಲ್ಲಿ ಬರುವುದಿಲ್ಲ. ಮುಂಡರಗಿ ಕಡೆಯ ದಂಡೆಯವರಿಗೆ ಇಲ್ಲ, ತುಂಗಭದ್ರೆ ದಾಟಿ ಹೂವಿನಹಡಗಲಿಯವರಿಗೆ ಇದೆ. ಕೊಪ್ಪಳ, ಬಳ್ಳಾರಿ, ವಿಜಯನಗರದಿಂದ ಹುಬ್ಬಳ್ಳಿಗೆ ಬಂದು ಪಿಯುಸಿ ಓದುವವರು ಬಹಳ. ಅವರ ಬಳಿ ಅರ್ಹತಾ ಪ್ರಮಾಣಪತ್ರ ಇದ್ದರೆ ನಮ್ಮ ಭಾಗದ ಕಾಲೇಜುಗಳಲ್ಲೂ ಶೇ 8 ಸೀಟು ಅವರಿಗಿವೆ. ತಿರುಗಿಸಿ ನೋಡಿದರೆ, ಬಳ್ಳಾರಿ ಅಥವಾ ಕಲಬುರಗಿಯ ಕಾಲೇಜಿನಲ್ಲಿ ಶೇ 70 ಅಲ್ಲಿನವರಿಗೆ ಮೀಸಲು. ಹಾವೇರಿಯ ಹುಡುಗ ಅಲ್ಲಿನ 371(ಜೆ) ಪಟ್ಟಿ ನೋಡಿ ಸಿಗುತ್ತದೆ ಅಂದುಕೊಂಡರೆ ಲೆಕ್ಕ ಬುಡಮೇಲು.

ಕಾಲಂ ನಿಮ್ಮದು ಅನ್ನುವುದು ಕಾಗದ ಸರಿ ಇದ್ದಾಗ ಮಾತ್ರ. ಗ್ರಾಮೀಣ ಮೀಸಲಿಗೆ ಒಂದರಿಂದ ಹತ್ತನೇವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆ ಬೇಕು. ಏಳನೇವರೆಗೆ ಊರಲ್ಲಿ ಓದಿ ಎಂಟಕ್ಕೆ ರಾಣೆಬೆನ್ನೂರಿಗೋ ಗದಗಿಗೋ ಹೋದವರಿಗೆ ಆರ್ ಕಾಲಂ ಇಲ್ಲ. ಪಟ್ಟಣ ಪಂಚಾಯಿತಿಯೂ ಗ್ರಾಮೀಣ ಅಲ್ಲ. ಹುಬ್ಬಳ್ಳಿಯ ಉಣಕಲ್ ನೋಡಲು ಊರಿನಂತೆ ಇದ್ದರೂ ಮಹಾನಗರ ಪಾಲಿಕೆಯ ವ್ಯಾಪ್ತಿ. ಕನ್ನಡ ಮಾಧ್ಯಮವೂ ಹಾಗೇ, ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಬದಲಾಗಿದ್ದರೆ ಕೆ ಕಾಲಂ ಮರೆಯಿರಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಬಿಇಒ ಮೇಲುಸಹಿ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ. 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಅರ್ಜಿ ಹಾಕುವ ಮೊದಲೇ ತೆಗೆದು ನೋಡಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಹೈಸ್ಕೂಲ್ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಮುಗಿದಿರಬಹುದು. ಹೆಸರಿನ ಅಕ್ಷರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ತಾಳೆಯಾಗದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ, ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಐಐಟಿ ಧಾರವಾಡ, ಐಐಐಟಿ ಧಾರವಾಡ ನಮ್ಮೂರಲ್ಲೇ ಇವೆ ಎಂದು ಸ್ಥಳೀಯ ಕೋಟಾ ಕೇಳುವವರಿದ್ದಾರೆ. ಅಂಥದ್ದಿಲ್ಲ, ಎರಡಕ್ಕೂ ಕೇಂದ್ರದ ಸೀಟು ಹಂಚಿಕೆ ವ್ಯವಸ್ಥೆ ಜೋಸಾ ಮೂಲಕ ದೇಶಕ್ಕೆಲ್ಲ ಒಂದೇ ಸಾಲು. ಐಐಟಿಗೆ ಜೆಇಇ ಅಡ್ವಾನ್ಸ್‌ಡ್ ರ್‍ಯಾಂಕ್, ಐಐಐಟಿಗೆ ಜೆಇಇ ಮೇನ್ ರ್‍ಯಾಂಕ್. ಓದುವ ಬಗೆಯೂ ಬೇರೆ: ಸಿಇಟಿ ಪಟ್ಟಿಯ ಎಲ್ಲ ಕಾಲಂಗಳಲ್ಲೂ ಒಂದೇ ರಾಜ್ಯ ರ್‍ಯಾಂಕ್ ಇರುತ್ತದೆ, ಜೋಸಾದಲ್ಲಿ ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಸಾಲಿನಲ್ಲಿ ಇರುವುದು ಆಯಾ ವರ್ಗದ ರ್‍ಯಾಂಕ್. ಅಖಿಲ ಭಾರತ ರ್‍ಯಾಂಕನ್ನು ಆ ಅಂಕಿಗೆ ಹೋಲಿಸಿ ಎದೆ ಒಡೆದುಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಇಲ್ಲಿ 3ಬಿ ಆದವರೆಲ್ಲ ಅಲ್ಲಿ ಒಬಿಸಿ ಆಗುವುದಿಲ್ಲ. ಆಗದವರು ಇಡಬ್ಲ್ಯುಎಸ್ ನೋಡಬಹುದು, ಆದರೆ ಮನೆಯ ಆದಾಯ 8 ಲಕ್ಷದೊಳಗಿರಬೇಕು, ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಬ್ಯಾಡಗಿ, ಶಿಗ್ಗಾವಿ ಕಡೆಯ ಒಣಬೇಸಾಯದ ಮನೆಗಳು ಎಷ್ಟೋ ಸಲ ಎಕರೆಯಲ್ಲೇ ಬಿದ್ದುಹೋಗುತ್ತವೆ. ಕಾಮೆಡ್‌ಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪಿಯುಸಿ ಅಂಕ ರ್‍ಯಾಂಕಿಗೆ ಸೇರುವುದಿಲ್ಲ, 2ಎ, 3ಬಿ ಕಾಲಂಗಳಿಲ್ಲ, ಶುಲ್ಕ ದುಬಾರಿ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವುದು. ಗ್ಯಾರಂಟಿ, ಅನುಮಾನ, ಆಸೆ ಎಂದು ಗುರುತು ಹಾಕಿದ್ದು ಕ್ರಮ ನಿರ್ಧರಿಸಲು ಅಲ್ಲ. ಕ್ರಮ ಮನಸ್ಸಿನ ಇಷ್ಟದಂತೆಯೇ ಇರಬೇಕು. ಗಣಕಯಂತ್ರ ಮೇಲಿನಿಂದ ಒಂದೊಂದೇ ನೋಡುತ್ತಾ ಬರುತ್ತದೆ, ಸಿಕ್ಕಲ್ಲಿ ನಿಲ್ಲುತ್ತದೆ, ಅದರ ಕೆಳಗಿನವು ಅಳಿದುಹೋಗುತ್ತವೆ. ಆಸೆಯ ಸಾಲನ್ನು ಮೇಲಿಟ್ಟರೆ ನಷ್ಟ ಇಲ್ಲ. ಗ್ಯಾರಂಟಿಯದನ್ನು ಹೆದರಿ ಮೇಲಿಟ್ಟರೆ ಅದೇ ಸಿಗುತ್ತದೆ. ಗುರುತಿನ ಕೆಲಸ ಪಟ್ಟಿಯ ತಳದಲ್ಲಿ: ಕೆಳಗೆ ಕನಿಷ್ಠ ಐದಾರು ಗ್ಯಾರಂಟಿ ಸಾಲು ಇರಬೇಕು, ಅವೂ ಸಿಕ್ಕರೆ ನಿಜಕ್ಕೂ ಸೇರುವಂಥವು. ಹುಬ್ಬಳ್ಳಿ-ಧಾರವಾಡಕ್ಕೇ ಅಂಟಿ ಕೂತು ಹತ್ತು ಸಾಲು ಬರೆದವರಿಗೆ ನಾನು ಗದಗಿನ ತೋಂಟದಾರ್ಯ, ಹುಲಕೋಟಿ, ಹಾವೇರಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸೇರಿಸಲು ಹೇಳುತ್ತೇನೆ. ದೇವಗಿರಿಯಲ್ಲಿ ಸರ್ಕಾರಿ ಶುಲ್ಕ, ಸಿಇಟಿ ಸೀಟೂ ಹೆಚ್ಚು. ಹಾಗಾಗಿ ಕಾಲಂಗಳು ಕಡಿಮೆ ಜಿಗಿಯುತ್ತವೆ.

ನಿಜ ಸುತ್ತಿಗೆ ಮೊದಲಿನ ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ನೋಡಿ ಹೆದರಿ ಪಟ್ಟಿ ಹರಿದುಹಾಕಬೇಡಿ. ವೈದ್ಯಕೀಯಕ್ಕೆ, ಎನ್‌ಐಟಿಗೆ, ಕಾಮೆಡ್‌ಕೆಗೆ ಹೋಗುವ, ನಿಮಗಿಂತ ಮೇಲಿನ ರ್‍ಯಾಂಕಿನವರು ಆಗ ಇನ್ನೂ ಇದೇ ಸಾಲಿನಲ್ಲಿರುತ್ತಾರೆ. ಅವರು ಎದ್ದಂತೆಲ್ಲ ಕಟ್‌ಆಫ್ ಸಡಿಲಾಗುತ್ತದೆ. ಮಾಕ್‌ನಲ್ಲಿ ನೋಡಬೇಕಾದದ್ದು ಎರಡೇ: ನಿಮ್ಮ ಕೆಟಗರಿ ಸರಿ ದಾಖಲಾಗಿದೆಯೇ, ಏನೂ ಸಿಗದಿದ್ದರೆ ತಳದ ಸಾಲು ಸಾಕೇ. ಮೊದಲ ನಿಜ ಸುತ್ತಿನಲ್ಲಿ ‘ಅನುಮಾನ’ದ ಸಾಲುಗಳು ಮೇಲೆ ಉಳಿದು ಕೆಳಗಿನದೊಂದು ಸಿಕ್ಕಿದ್ದರೆ ಚಾಯ್ಸ್ 2: ಸೀಟು ಕೈಯಲ್ಲಿರುತ್ತದೆ, ಮೇಲಿನದಕ್ಕೂ ಕಾಯಬಹುದು. ಮೇಲಿನದು ಸಿಕ್ಕರೆ ಕೆಳಗಿನದು ತಾನಾಗಿಯೇ ಹೋಗುತ್ತದೆ, ಆಮೇಲೆ ಅದೇ ಬೇಕಿತ್ತು ಅನ್ನುವಂತಿಲ್ಲ. ಹಾಗಾಗಿ ಚಾಯ್ಸ್ ಒತ್ತುವ ಮುನ್ನ ಮೇಲೆ ಉಳಿದ ಒಂದೊಂದು ಸಾಲನ್ನೂ ಹುಡುಗನಿಂದಲೇ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ: “ಇದು ಬಂದರ ಈಗ ಸಿಕ್ಕದ್ದು ಬಿಟ್ಟು ಹೋಗ್ತೀಯೇನು?” ತಡವರಿಸಿದರೆ ಆ ಸಾಲು ತೆಗೆಸಿಬಿಡುತ್ತೇನೆ.